ವೂಸಿ ಅಜ್ಜನ ಮಣ್ಣಿನಲ್ಲಿ ಹೇಳದೆ ಉಳಿದ ಹೆಸರು

ಡರ್ಬನ್, ೨೨೪೧, ಹದಿಮೂರನೆಯ ತಿಂಗಳ ಹುಣ್ಣಿಮೆ

ಇನ್ನೂರು ವರ್ಷದ ಹಿಂದೆ ಸಾಕ್ಷ್ಯಚಿತ್ರ ಮಾಡುವ ಹಿರಿಯರಿಗೆ ತುಂಗವ್ವ ಕಟಗೇರಿಯ ನಮಸ್ಕಾರ.

ವರ್ಷಕ್ಕೆ ಹದಿಮೂರು ತಿಂಗಳೇ ಎಂದು ಹುಬ್ಬೇರಿಸಬೇಡಿ. ಹಗಲು ಹೊರಗೆ ಕಾಲಿಡಲಾಗದ ಬಿಸಿಲಿನ ದಿನಗಳನ್ನು ನಾವು ಬೇರೆ ತಿಂಗಳಾಗಿಯೇ ಎಣಿಸುತ್ತೇವೆ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತು ಬಂದರೆ ಕ್ಷಮೆಯಿರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ, ಅದು ನಿಮ್ಮದೇ ಪಾಲು.

ನಮ್ಮ ಓಣಿಯಲ್ಲಿ ಅರ್ಧ ಕನ್ನಡದವರು, ಅರ್ಧ ಜುಲು ಜನ. ರೊಟ್ಟಿ, ಗಂಜಿ, ಜಗಳ ಎಲ್ಲ ಹಂಚಿಕೊಂಡೇ ಬದುಕಿದ್ದೇವೆ. ಓಣಿಯ ತುದಿಗೆ ಹೊಕ್ಕುಮನೆಯಿದೆ. ಅಲ್ಲಿ ನಿಮ್ಮ ಕಾಲದ ಚಿತ್ರಗಳೊಳಗೆ ಕಾಲಿಟ್ಟು ನಡೆಯಬಹುದು, ಹೊಗೆಯ ವಾಸನೆಯೂ ಬರುತ್ತದೆ. ಮಕ್ಕಳು ಇತಿಹಾಸ ಕಲಿಯುವುದು ಅಲ್ಲಿಯೇ. ಜುಲು ಜನರಿಗೂ ಬ್ರಿಟಿಷರಿಗೂ ನಡೆದ ೧೮೭೯ರ ಯುದ್ಧದ ನಿಮ್ಮ ಚಿತ್ರಗಳಲ್ಲಿ ಯಾವುದನ್ನು ಹೊಕ್ಕರೂ ನಾವು ನಿಲ್ಲುವುದು ಮೆಕ್ಕೆಜೋಳದ ಮೂಟೆಗಳ ಗೋಡೆಯ ಒಳಗೆ, ಬ್ರಿಟಿಷರ ಬೆನ್ನ ಹಿಂದೆ. ಅಯ್ಯೋ, ಒಬ್ಬರಿಗಾದರೂ ಗೋಡೆಯ ಆಚೆ ನಿಲ್ಲಬೇಕೆನಿಸಲಿಲ್ಲವೇ? ಒಳಗಿನ ಪ್ರತಿ ಸಿಪಾಯಿಗೂ ಹೆಸರು, ಊರು, ತಾಯಿ. ಹೊರಗಿನ ಸಾವಿರಾರು ಜನಕ್ಕೆ ಬರೀ ಧೂಳು ಮತ್ತು ಡೋಲಿನ ಸದ್ದು!

ಇಸಾಂಡ್ಲ್ವಾನ ಗುಡ್ಡದ ಕೆಳಗೆ ಅದೇ ಜುಲು ಜನ ಬ್ರಿಟಿಷರನ್ನು ಸೋಲಿಸಿದರಲ್ಲ, ಅದನ್ನು ಅವಸರದಲ್ಲಿ ಮುಗಿಸಿ ಸತ್ತವರ ಸೀಳಿದ ಹೊಟ್ಟೆಯನ್ನು ತೋರಿಸುತ್ತೀರಿ. ಗಡಸು ದನಿಯೊಂದು, ಅದೂ ಕನ್ನಡದಲ್ಲೇ, ರಾಕ್ಷಸತನ ಎನ್ನುತ್ತದೆ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಪಕ್ಕದ ಮನೆಯ ವೂಸಿ ಅಜ್ಜ ನಮ್ಮ ಕಟ್ಟೆಯ ಮೇಲೆ ಕೂತು ನನಗೆ ತಿಳಿಸಿದ್ದು ಇಷ್ಟು: ಕೊಂದವನು ಸತ್ತವನ ಹೊಟ್ಟೆ ತೆರೆದು ಅವನ ಜೀವಕ್ಕೆ ದಾರಿ ಬಿಡಬೇಕು, ಅವನ ಬಟ್ಟೆಯನ್ನು ತಾನು ತೊಟ್ಟು, ಶುದ್ಧಿಯಾಗುವವರೆಗೆ ಹೆಂಡತಿ ಮಕ್ಕಳಿಂದ ದೂರ ಇರಬೇಕು. ಅದು ಕೊಂದವನ ಸೂತಕ. ನಮ್ಮ ಮನೆಯದಾದರೆ ಸೂತಕ, ಅವರದಾದರೆ ರಾಕ್ಷಸತನವೇ?

ಅಜ್ಜನ ಮನೆತನದಲ್ಲಿ ಹಿರಿಯರು ಮಣ್ಣಾಗುವಾಗ ಮೊಮ್ಮಕ್ಕಳಲ್ಲಿ ದೊಡ್ಡವರು ಪೂರ್ವಿಕರ ಹೆಸರುಗಳನ್ನು ಬಿರುದಿನ ಸಮೇತ ಕೂಗಿ ಹೇಳಬೇಕು. ಹೇಳಿದರೆ ಮಾತ್ರ ಸತ್ತವರು ಅವರ ಜೊತೆ ಸೇರುತ್ತಾರೆ ಎಂಬ ನಂಬಿಕೆ. ಆ ಗುಡ್ಡದಲ್ಲಿ ಹೋರಾಡಿದ ಮದೂನನ ಹೆಸರು ಆ ಸಾಲಿನ ನಡುವೆ ಬರುತ್ತದೆ. ಹೋದ ವಾರ ವೂಸಿ ಅಜ್ಜ ತೀರಿಕೊಂಡ. ಮೊಮ್ಮಗಳು ಲಿಂಡೀವೆ ಗುಂಡಿಯ ಬಳಿ ನಿಂತು ಹೇಳುತ್ತಾ ಬಂದವಳು ಮದೂನನ ಹತ್ತಿರ ನಿಂತುಬಿಟ್ಟಳು. ಅವಳ ತಾಯಿ ಅತ್ತಳು, ನಾನು ಕೈ ಹಿಡಿದು ಬೇಡಿಕೊಂಡೆ. ಅಜ್ಜ ಹೇಳಿದ್ದು ಬರೀ ಮಾತು ತುಂಗಕ್ಕ, ಮದೂನ ಮಾಡಿದ್ದನ್ನು ನಾನೇ ಹೊಕ್ಕುಮನೆಯಲ್ಲಿ ನಿಂತು ಕಣ್ಣಾರೆ ಕಂಡಿದ್ದೇನೆ ಎಂದಳು ಲಿಂಡೀವೆ. ಅವಳು ಕಂಡದ್ದು ನಿಮ್ಮ ಕೂಲಿ ನಟನನ್ನು! ಸಾಲು ಅಲ್ಲಿಗೇ ನಿಂತಿತು, ಮಣ್ಣು ಎಳೆದರು.

ಹಿರಿಯರೇ, ಮದೂನನಂಥವರ ಮೊಮ್ಮಕ್ಕಳ ಮಕ್ಕಳು ನಿಮ್ಮ ಕಾಲದಲ್ಲಿ ಆ ಗುಡ್ಡದ ಸುತ್ತಲೇ ಇದ್ದಾರೆ. ಅವರ ಅಂಗಳದಲ್ಲಿ ಕೂತು ಕೇಳಿ, ಅವರು ಹೇಳಿದ್ದನ್ನು ಕತ್ತರಿಸದೆ ಹಾಕಿ. ನಿಮ್ಮ ಲೆಕ್ಕದಲ್ಲಿ ಲಿಂಡೀವೆ ಇನ್ನೂ ಹುಟ್ಟಿಲ್ಲ. ಗುಂಡಿಯ ಬಳಿ ಅವಳು ಸುಮ್ಮನೆ ನಿಂತದ್ದೂ ಇನ್ನೂ ಆಗಿಲ್ಲ.