ಗೋಡೆಯ ಸ್ವಿಚ್ ಮುಟ್ಟಬೇಡಿ

ಅಪ್ಪನನ್ನು ಎಬ್ಬಿಸಿ ಹೇಳುವುದೋ, ಬರೆದಿಟ್ಟು ಹೋಗುವುದೋ? ಕೊನೆಗೆ ಮಗ ಚೀಟಿ ಬರೆಯಲು ಕೂತ.

‘ಅಪ್ಪಾ, ಕಂಪ್ಯೂಟರ್ ಸತ್ತಿಲ್ಲ. ನಿನ್ನೆ ಅಪ್‌ಡೇಟ್ ಆಗ್ತಿರುವಾಗಲೇ ನೀವು ಸ್ವಿಚ್ ಆರಿಸಿದ್ದರಿಂದ ಅದನ್ನು ಶುರುಮಾಡೋ ಮದರ್‌ಬೋರ್ಡಿನ ಪ್ರೋಗ್ರಾಂ ಮಾತ್ರ ಕೆಟ್ಟಿದೆ. ಅಮ್ಮನ ಫೋಟೋ, ದನಿ ಎಲ್ಲ ಡಿಸ್ಕಿನಲ್ಲಿ ಹಾಗೇ ಇವೆ. “ನಾನೇ ಆರಿಸ್ಬಿಟ್ಟೆನಲ್ಲೋ” ಅಂತ ಕೊರಗಬೇಡಿ.

ಅದನ್ನು ಸರಿಮಾಡೋ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಹಿಂದೆ ಚುಚ್ಚಿದ್ದೇನೆ. ಪಕ್ಕದಲ್ಲಿ ಪುಟ್ಟ ದೀಪ ಮಿನುಗ್ತಿದೆ. ಅದು ತಾನಾಗಿ ಆರುವ ತನಕ ಏನೂ ಮುಟ್ಟಬೇಡಿ. ಅಮ್ಮ ಎಷ್ಟು ಬಡಕೊಂಡರೂ ಒಂದು ಫ್ಯಾನ್ ಆರಿಸದವರು, ಈಗ ಮನೆಯೆಲ್ಲ ಸುತ್ತಿ ಒಂದೂ ಬಿಡದೆ ಆರಿಸ್ತೀರಿ. ಇದೊಂದನ್ನು ಬಿಡಿ, ಅಮ್ಮ ಬೈಯಲ್ಲ.

ದೀಪ ಆರಿದ ಮೇಲೆ ಆನ್ ಮಾಡಿ ನೋಡಿ. ಏಳದಿದ್ದರೆ ಸಂಜೆ ರಿಪೇರಿಯವನ ಹತ್ರ ನಾನೇ ಒಯ್ಯುತ್ತೇನೆ. ನಿನ್ನೆಯಿಂದ ನೀವು ಏನೂ ತಿಂದಿಲ್ಲ. ಊಟ ಮುಚ್ಚಿಟ್ಟಿದ್ದೇನೆ, ಎದ್ದ ಕೂಡಲೇ ಉಣ್ಣಿ.’

ಚೀಟಿಯನ್ನು ಸ್ವಿಚ್ಚಿನ ಮೇಲೆಯೇ ಅಂಟಿಸಿ, ಸದ್ದಾಗದಂತೆ ಬಾಗಿಲೆಳೆದುಕೊಂಡು ಅವನು ಕೆಲಸಕ್ಕೆ ಹೊರಟ. ಅಮ್ಮ ಹೋದ ಮೇಲೆ ಅವಳ ದನಿಯನ್ನು ಒಂದು ಸಲವೂ ಹಾಕಿ ಕೇಳುವ ಧೈರ್ಯ ತನಗೆ ಬಂದಿಲ್ಲವೆಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.