ಕಾರ್ತಿಕದ ದೀಪ ಮತ್ತು ಹನ್ನೊಂದು ಡಿಗ್ರಿ

ಉತ್ತರ ಧ್ರುವದಂಚಿನ ವೀಕ್ಷಣಾಲಯ
ಇಸವಿ ೨೩೧೪, ಕಾರ್ತಿಕದ ಎಪ್ಪತ್ತೊಂದನೆಯ ದಿನ

ಗಿರಿಜಮ್ಮನವರಿಗೆ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಇಲ್ಲಿ ಸೂರ್ಯ ಮುಳುಗಿದರೆ ಮತ್ತೆ ಏಳುವವರೆಗೂ ನಮಗೆ ಕಾರ್ತಿಕವೇ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಿಂದ ಈಚೆಗಿನ ಮುನ್ನೂರು ವರ್ಷದಲ್ಲಿ ಭಾಷೆ ಒಂದಿಷ್ಟು ಸವೆದಿದೆ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನೆ ಮಧ್ಯಾಹ್ನದವರೆಗೆ ಈ ವಾಕ್ಯ ಬರೆಯುವ ಧೈರ್ಯ ನನಗಿರಲಿಲ್ಲ.

ನಿಮ್ಮ ಕೆಲಸವೇ ನನ್ನದೂ. ಎಂಬತ್ತೇಳು ಕಿಲೋಮೀಟರ್ ಮೇಲೆ ಗಾಳಿ ತನ್ನಷ್ಟಕ್ಕೆ ಮಂದವಾಗಿ ಬೆಳಗುತ್ತದಲ್ಲ, ಆ ಬೆಳಕಿನಿಂದ ಅಲ್ಲಿನ ತಾಪ ಅಳೆಯುವುದು, ನಾಳೆ ಎಷ್ಟಿರುತ್ತದೆಂದು ಹೇಳುವ ಮಾದರಿ ಕಟ್ಟುವುದು. ನಿಮಗೆ ಅದು ಬರೀ ಶಾಸ್ತ್ರ. ನಮಗೆ ಆ ಎತ್ತರದಲ್ಲೇ ದಾರಿ. ಬಾಹ್ಯಾಕಾಶದಿಂದ ಬಂದು ಅಲ್ಲಿನ ತೆಳುಗಾಳಿಯ ಮೇಲೆ ಜಾರಿ ಇಳಿಯುವ ವಾಹನಕ್ಕೆ ಜಾರುಬಂಡಿ ಎನ್ನುತ್ತೇವೆ. ನಗಬೇಡಿ, ಮಕ್ಕಳ ಆಟದ್ದಲ್ಲ. ಬೆಚ್ಚಗಿನ ಗಾಳಿಗೆ ಒಂದು ಕೋನ, ತಣ್ಣನೆಯದಕ್ಕೆ ಇನ್ನೊಂದು. ಕೋನ ತಪ್ಪಿದರೆ ವಾಹನ ಸುಟ್ಟುಹೋಗುತ್ತದೆ.

ನಿನ್ನೆಯ ಜಾರುಬಂಡಿಯಲ್ಲಿ ನಲವತ್ತು ಜನ. ನಡೆಸುವವಳು ನನ್ನ ತಂಗಿ ಶಾಲ್ಮಲಿ. "ಅಕ್ಕಾ, ಮ್ಯಾಲಿನ ಗಾಳಿ ಹೆಂಗೈತಿ ಹೇಳು, ನೀ ಹೇಳಿದಂಗ ಇಳೀತೀನಿ" ಎಂದಳು. ನಮ್ಮ ಯಂತ್ರ ತೋರಿಸಿದ್ದಕ್ಕಿಂತ ಮಾದರಿ ಹನ್ನೊಂದು ಡಿಗ್ರಿ ಹೆಚ್ಚು ಹೇಳುತ್ತಿತ್ತು. ನಿಲಯದ ಹಿರಿಯ ಈರಣ್ಣ ಕಾಕಾ, "ಯಂತ್ರ ಕೆಟ್ಟಿರಬೇಕು, ಮುನ್ನೂರು ವರ್ಷದ ಮಾದರಿ ಸುಳ್ಳು ಹೇಳತೈತೇನು?" ಎಂದರು. ನಾನು ಹಳೆಯ ದಾಖಲೆ ತೆರೆದೆ.

ಸೂರ್ಯನ ಆರ್ಭಟ ಹೆಚ್ಚು ಕಡಿಮೆಯಾದಂತೆ ಮೇಲಿನ ತಾಪವೂ ಏರಿಳಿಯುತ್ತದೆ. ಸೂರ್ಯ ಇಷ್ಟು ಶಾಂತವಾಗಿದ್ದದ್ದು ನಮ್ಮ ದಾಖಲೆಯಲ್ಲಿ ಎರಡೇ ಸಲ: ಈಗ, ಮತ್ತು ನಿಮ್ಮ ಒಂದು ಕಾರ್ತಿಕದಲ್ಲಿ. ಅಂದರೆ ಮಾದರಿಯ ಮಾತಿಗೆ ಆಧಾರ ನಿಮ್ಮ ಆ ಒಂದು ತಿಂಗಳು. ನಿಮ್ಮ ಅಂಕಿಗಳೆಲ್ಲ ಎಂದೋ ಮಾದರಿಗೆ ಸೇರಿದ್ದವು. ನೀವು ಕನ್ನಡದಲ್ಲಿ ಬರೆದ ದಿನಚರಿಯನ್ನು ಮಾತ್ರ ಯಾರೂ ಓದಿರಲಿಲ್ಲ. ಅದನ್ನು ನಿಲಯದ ಹಳೆಯ ಪೆಟ್ಟಿಗೆಯಿಂದ ತೆಗೆದು ಓದಿದೆ.

"ಇಡೀ ಕಾರ್ತಿಕ ಕಿಟಕಿಯಲ್ಲಿ ಎಣ್ಣೆದೀಪ ಹಚ್ಚಿಟ್ಟಿದ್ದೆ. ಯಂತ್ರದ ಕಣ್ಣೂ ಅದೇ ಕಿಟಕಿಯಲ್ಲಿತ್ತು. ದೀಪದ ಬೆಳಕು ಸೇರಿ ತಾಪ ಹೆಚ್ಚು ತೋರಿದೆ. ತಪ್ಪು ನನ್ನದು. ಈ ತಿಂಗಳ ಅಂಕಿ ನಂಬಬೇಡಿ."

ಅಂದರೆ ತಪ್ಪು ಮಾದರಿಯದು, ನಮ್ಮ ಯಂತ್ರ ಸರಿ. ಶಾಲ್ಮಲಿಗೆ ತಣ್ಣನೆಯ ಗಾಳಿಯ ಕೋನ ಹೇಳಿದೆ. ಇಪ್ಪತ್ತು ನಿಮಿಷ ಆಕೆಯ ಧ್ವನಿಯಿಲ್ಲ. ಆಮೇಲೆ, "ಇಳಿದ್ವಿ, ಅಕ್ಕಾ. ಉಣ್ಣಾಕ ಏನ್ ಐತಿ?" ಎಂದಳು. ಹೋದ ಜೀವ ಬಂದಂತಾಯಿತು. ಈರಣ್ಣ ಕಾಕಾ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಒಂದು ಕೋರಿಕೆ. ಆ ಪುಟದಲ್ಲಿ ನೀವು ಮೊದಲು "ಆಕಾಶ ತಿಳಿಯಾಗಿತ್ತು, ಅಂಕಿ ಸರಿಯಿದೆ" ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೀರಿ. ನಡುವೆ ದೊಡ್ಡದೊಂದು ಶಾಯಿಯ ಕಲೆ ಇದೆ; ಪೆನ್ನು ಹಿಡಿದು ತುಂಬ ಹೊತ್ತು ಯೋಚಿಸಿರಬೇಕು. ಮೇಲಿನವರು ಬೈದಾರು, ಕೆಲಸ ಹೋದೀತು ಎಂಬ ಭಯ ನನಗೂ ಗೊತ್ತು. ಈ ಕಾಗದ ಆ ಹೊತ್ತಿಗೆ ನಿಮ್ಮ ಕೈಸೇರಲಿ. ಮೊದಲ ಸಾಲು ಹೊಡೆದುಹಾಕಿ. ಎರಡನೆಯದನ್ನು ಬರೆಯಿರಿ.

ನಾವು ಈಗಲೂ ದೀಪ ಹಚ್ಚುತ್ತೇವೆ, ಅಡುಗೆಮನೆಯಲ್ಲಿ, ಪರದೆ ಎಳೆದು. ಶಾಲ್ಮಲಿ ಪಕ್ಕದ ಕೋಣೆಯಲ್ಲಿ ಬೂಟು ಸಹ ಕಳಚದೆ ಗೊರಕೆ ಹೊಡೆಯುತ್ತಿದ್ದಾಳೆ.

ನಿಮ್ಮ ಋಣದಲ್ಲಿರುವ,
ಮಂಜರಿ