ಫಾರ್ಮ್ ಇಲ್ಲದೆ ಓದಿದ ಸ್ಲೈಡ್

ಜೂನ್ 9, ಸೋಮವಾರ

ಮೂವತ್ತೊಂದು ಸ್ಲೈಡ್. ರಕ್ತಕಣ ಎಣಿಸುವ ಯಂತ್ರದ ಮೂರನೆಯ ಗುಂಡಿ, ಅಲರ್ಜಿಯಾದಾಗ ಏರುವ ಕಣದ್ದು, ಮತ್ತೆ ಸಿಕ್ಕಿಕೊಳ್ಳುತ್ತಿದೆ. ಒಂದು ಸಲ ಒತ್ತಿದರೆ ಎರಡು ಎನ್ನುತ್ತದೆ. ಅದನ್ನು ನಂಬಿದರೆ ಊರಿಗೆಲ್ಲ ಅಲರ್ಜಿ. ರಿಪೇರಿಗೆ ಬರೆದುಕೊಟ್ಟು ತಿಂಗಳಾಯಿತು.

ಹತ್ತು ಗಂಟೆಗೆ ಮೂರನೇ ಮಹಡಿಯ ಮೂಲೆ ರೂಮಿನ ಸ್ಯಾಂಪಲ್ ಬಂತು. ನಾದಿನಿಯದು. ಕಣ್ಣೆತ್ತಿಯೂ ನೋಡಲಿಲ್ಲ, ಗಡಿಯಾರದ ಟ್ರೇಗೆ ತಳ್ಳಿದೆ. ಪಕ್ಕದ ಮೈಕ್ರೋಸ್ಕೋಪಿನವನಿಗೆ ಆ ಹೆಸರಿಟ್ಟವಳು ನಾನೇ, ಈಗ ಲ್ಯಾಬಿನ ಡಾಕ್ಟರ್ ಮೇಡಂ ಕೂಡ ಹಾಗೇ ಕರೆಯುತ್ತಾರೆ. ಒಂಬತ್ತಕ್ಕೆ ಡ್ಯೂಟಿ ಎಂದರೆ ಒಂಬತ್ತಕ್ಕೇ ಹಾಜರು. ಪಾಪ, ಒಳ್ಳೆಯ ಮನುಷ್ಯ.

ನಮ್ಮ ಲ್ಯಾಬಿಗೆ ಎರಡೇ ಕಟ್ಟಳೆ. ಹೊಸಬರಿಗೆ ಹೇಳಿಕೊಡುವವಳೂ ನಾನೇ. ಫಾರ್ಮ್ ಓದದೆ ಸ್ಲೈಡ್ ನೋಡಬಾರದು. ಮನೆಯವರ ಸ್ಲೈಡ್ ಫಾರ್ಮ್ ಇದ್ದರೂ ನೋಡಬಾರದು. ಇಪ್ಪತ್ತೆರಡು ವರ್ಷದಲ್ಲಿ ಎರಡನ್ನೂ ಮೀರಿಲ್ಲ.

ರಿಪೋರ್ಟ್: ಬಿಳಿಕಣ ಇನ್ನೂರು. ಕಡಿಮೆಯೆಂದರೂ ನಾಲ್ಕು ಸಾವಿರ ಇರಬೇಕಾದ ಕಡೆ. ರಕ್ತದ ಕ್ಯಾನ್ಸರಿಗೆ ಕೊಟ್ಟ ಎರಡನೇ ಸುತ್ತಿನ ಔಷಧಿ ಕೆಟ್ಟ ಕಣಗಳ ಜೊತೆ ಒಳ್ಳೆಯವನ್ನೂ ಗುಡಿಸಿ ಹಾಕಿದೆ. ಇಂಥ ಹೊತ್ತಿನಲ್ಲೇ ಯಾವುದೋ ರೋಗಾಣು ಒಳಗೆ ಹೊಕ್ಕಿದೆ. ಜ್ವರ ನೂರಾ ಎರಡು. ತಡೆಯುವವರು ಒಳಗೆ ಯಾರೂ ಇಲ್ಲ.

ಜ್ವರ ಇಳಿಯಬೇಕು, ಅದು ಒಂದು. ಕ್ಯಾನ್ಸರ್ ಹೋಗಿರಬೇಕು, ಅದು ಇನ್ನೊಂದು. ಮೊದಲ ಸುತ್ತಿಗೆ ಪೂರ್ತಿ ಹೋಗಿರಲಿಲ್ಲ. ಈ ಸಲವೂ ಹೋಗದಿದ್ದರೆ ಡಾಕ್ಟರ ಹತ್ತಿರ ಹೇಳಿಕೊಳ್ಳುವಂಥ ಔಷಧಿ ಉಳಿದಿಲ್ಲ. ಇದು ನನಗೂ ಇವರಿಗೂ ಗೊತ್ತು. ಅವಳಿಗೂ ಗೊತ್ತಿರಬೇಕು, ಕೇಳುವ ಧೈರ್ಯ ನಮಗಿಲ್ಲ.

ಜೂನ್ 11, ಸಂಜೆ 5

ಗೌನು, ಟೋಪಿ, ಮಾಸ್ಕ್, ಕೈಗೆ ಎರಡು ಸಲ ಸೋಪು. ಆಮೇಲೆ ಅವಳ ರೂಮಿನೊಳಗೆ ಬಿಟ್ಟರು. ತಲೆಯಲ್ಲಿ ಒಂದೂ ಕೂದಲಿಲ್ಲ, ಬಾಯಲ್ಲಿ ಮಾತ್ರ ಎಲ್ಲ ಹಾಗೇ ಇದೆ. ಹದಿನಾರು ವರ್ಷ ಡ್ರೈವಿಂಗ್ ಕಲಿಸಿದವಳು.

"ಏನ್ ಅತ್ತಿಗೆ, ನನ್ನ ರೋಡಲ್ಲಿ ಇವತ್ತು ಎಷ್ಟು ಗಾಡಿ?"

"ಇನ್ನೂರೈವತ್ತು."

"ಹಾಗಾದ್ರೆ ಟ್ರಾಫಿಕ್ಕೇ ಇಲ್ಲ ಬಿಡಿ. ಕಣ್ಣು ಮುಚ್ಕೊಂಡು ಹೋಗ್ಬಹುದು."

ನಕ್ಕೆ. ಹೊರಗೆ ಬಂದು ಗೌನು ಬಿಚ್ಚಿ ಬುಟ್ಟಿಗೆ ಹಾಕಿದೆ. ಈ ಮನೆಗೆ ನಾನು ಬಂದಾಗ ಅವಳಿಗೆ ಹದಿನೈದು. ನನ್ನ ಬಾಚಣಿಗೆ, ನನ್ನ ಚಪ್ಪಲಿ, ಕೊನೆಗೆ ನನ್ನ ಗಂಡನ ಬೈಕು, ಯಾವುದನ್ನೂ ಕೇಳಿ ತೆಗೆದುಕೊಂಡವಳಲ್ಲ. ಎಷ್ಟು ಜಗಳ ಆಡಿದ್ದೇನೆ ಇವಳ ಹತ್ತಿರ.

ಜೂನ್ 12

ಬೆಳಿಗ್ಗೆ ಫೋನ್ ಮಾಡಿದ್ದಳು. ಸೊಂಟ ನೋವಂತೆ, ಎದೆಮೂಳೆ ನೋವಂತೆ. "ಮೂಳೆ ಒಳಗೆ ಯಾರೋ ಗೋಡೆ ಒಡೀತಾ ಇದಾರೆ ಅತ್ತಿಗೆ. ಮಲಗಿದ್ರೂ ಇಲ್ಲ, ಕೂತ್ರೂ ಇಲ್ಲ."

ಮೂರು ತಿಂಗಳ ಹಿಂದೆ ಕಾಯಿಲೆ ಗೊತ್ತಾದದ್ದೂ ಮೂಳೆನೋವಿನಿಂದಲೇ. ಇವರಿಗೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ, ಹಾಲು ಉಕ್ಕಿ ಒಲೆಯೆಲ್ಲ ಆಯಿತು.

ಜೂನ್ 13, ಮಧ್ಯಾಹ್ನ 1:40

ಮಾಡಬಾರದ್ದನ್ನು ಮಾಡಿದೆ.

ಗಡಿಯಾರ ಊಟಕ್ಕೆ ಹೋಗಿದ್ದ. ಅವನ ಟ್ರೇಯಲ್ಲಿ ಒಂದೇ ಒಂದು ಸ್ಲೈಡ್. ಮೇಲೆ ಹಳದಿ ಚೀಟಿ — ಮೇಡಂ ನೋಡಬೇಕು. ನಂಬರು ನೋಡಿದ ತಕ್ಷಣ ಗೊತ್ತಾಯಿತು ಯಾರದೆಂದು. ಫಾರ್ಮ್ ಅಲ್ಲಿರಲಿಲ್ಲ, ಮೇಡಂ ರೂಮಿನಲ್ಲಿ ಇಟ್ಟು ಹೋಗಿದ್ದ. ಮೇಡಂ ರಜೆ, ಬರುವುದು ಸೋಮವಾರ.

ಸ್ಲೈಡಿನ ಮೇಲೆ ಎಣ್ಣೆಯ ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಹುಡುಕಿದರೂ ಸಿಕ್ಕಿದ್ದು ನಲವತ್ತೇಳು ಬಿಳಿಕಣ. ಅದರಲ್ಲಿ ಐದು... ದಪ್ಪ, ದುಂಡು, ಒಳಗೆಲ್ಲ ತುಂಬಿದ ನ್ಯೂಕ್ಲಿಯಸ್, ಸುತ್ತ ಸ್ವಲ್ಪ ನೀಲಿ. ಬ್ಲಾಸ್ಟ್. ಕಾಯಿಲೆಯ ಕಣ. ಮೂರು ತಿಂಗಳ ಹಿಂದೆ ಕಾಯಿಲೆ ಗೊತ್ತಾದಾಗ ಮೇಡಂ ನನ್ನನ್ನು ಕೂರಿಸಿ ಫೋಟೋದಲ್ಲಿ ತೋರಿಸಿದ್ದು ಇಂಥವನ್ನೇ.

ಎಣ್ಣೆ ಒರೆಸಿ ಇದ್ದ ಜಾಗದಲ್ಲೇ ಇಟ್ಟೆ. ಗಡಿಯಾರ ಬಂದ. ಕೈ ತೊಳೆದ. ನನ್ನ ಮುಖ ನೋಡಿ "ಊಟ ಆಯ್ತಾ?" ಎಂದ. ಆಯ್ತು ಎಂದೆ.

ಜೂನ್ 14

ಏನೂ ಬೇಡ.

ಜೂನ್ 15, ಭಾನುವಾರ

ಇವರು ಖುಷಿಯಲ್ಲಿದ್ದಾರೆ. ಜ್ವರ ನೂರಕ್ಕೆ ಇಳಿದಿದೆಯಂತೆ, ಕಣ ಎಂಟುನೂರು ಆಗಿದೆಯಂತೆ.

"ನೀನ್ಯಾಕೆ ಹೀಗಿದೀಯ? ಏರ್ತಾ ಇದೆ ಅಂದ್ರೆ ಒಳ್ಳೇದೇ ಅಲ್ವಾ?"

ಏರುತ್ತಿರುವುದು ಯಾವುದು ಎಂದು ಹೇಗೆ ಹೇಳಲಿ. ತಲೆನೋವು ಎಂದೆ. ಮಾತ್ರೆ ತಂದುಕೊಟ್ಟು, ಪಾತ್ರೆಯನ್ನೂ ತೊಳೆದಿಟ್ಟರು. ಇಸ್ತ್ರಿಪೆಟ್ಟಿಗೆ ರಿಪೇರಿ ಬಿಟ್ಟು ಬೇರೆ ಮನೆಕೆಲಸ ಗೊತ್ತಿಲ್ಲದ ಮನುಷ್ಯ ಪಾತ್ರೆ ತೊಳೆದರು. ಅದನ್ನು ನೋಡಿ ಇನ್ನೂ ಸಂಕಟವಾಯಿತು.

ಆಸ್ಪತ್ರೆಗೆ ಹೋಗಲಿಲ್ಲ. ಅವಳ ಮುಖ ನೋಡಿದರೆ ಬಾಯಿಬಿಟ್ಟುಬಿಡುತ್ತೇನೆ. ಮೂರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಕೊನೆಗೆ ಮೆಸೇಜ್: "ಅತ್ತಿಗೆ, ಫೋನ್ ಎತ್ತೋದು ಮರೆತ್ರೋ ಅಥವಾ ನಾನೇ ಮರೆತುಹೋದ್ನೋ?"

ಜೂನ್ 16, ಸೋಮವಾರ

ಮೊದಲಿಂದ ಬರೆಯುತ್ತೇನೆ.

ಮೇಡಂ ಬಂದು ಕುರ್ಚಿ ಎಳೆದುಕೊಳ್ಳುವುದಕ್ಕೂ ಬಿಡಲಿಲ್ಲ. ನಾದಿನಿಯ ಸ್ಲೈಡ್ ನೋಡಿಬಿಟ್ಟೆ ಮೇಡಂ, ಐದು ಬ್ಲಾಸ್ಟ್ ಇವೆ ಎಂದೆ. ಬಾಗಿಲು ಹಾಕಿ, ಎರಡು ಜನ ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿಗೆ ಸ್ಲೈಡ್ ಹಾಕಿದರು.

"ಎಲ್ಲಿ, ತೋರಿಸು ನಿನ್ನ ಬ್ಲಾಸ್ಟು."

ತೋರಿಸಿದೆ. ಮೊದಲನೆಯದು. ಮೇಡಂ ಫೋಕಸ್ ಒಂದು ಕೂದಲೆಳೆ ತಿರುಗಿಸಿದರು.

"ಒಳಗೆ ಕೆಂಪು ಕಾಳು ಕಾಣ್ತಾ ಇದೆಯಾ?"

ಕಾಣುತ್ತಿತ್ತು. ದಪ್ಪ ದಪ್ಪ ಕಾಳು, ಒರಟಾಗಿ ಚೆಲ್ಲಿದಂತೆ. ಶುಕ್ರವಾರವೂ ಅಲ್ಲೇ ಇದ್ದಿರಬೇಕು.

"ಬ್ಲಾಸ್ಟಿಗೆ ಹೀಗೆ ಕಾಳು ತುಂಬಿರುತ್ತಾ?"

"ಇಲ್ಲ ಮೇಡಂ."

"ಮತ್ತೆ?"

ಎರಡನೆಯದರಲ್ಲೂ ಕಾಳು. ಮೂರು, ನಾಲ್ಕು... ಅವುಗಳಲ್ಲೂ. ಮೇಡಂ ಫಾರ್ಮ್ ತೆಗೆದು ನನ್ನ ಮುಂದಿಟ್ಟರು. ಔಷಧಿ ಎಂಬ ಸಾಲಿನಲ್ಲಿ ವಾರ್ಡಿನ ಡಾಕ್ಟರ ಕೋಳಿಕಾಲು ಅಕ್ಷರ: ಬಿಳಿಕಣ ಬೆಳೆಸುವ ಇಂಜೆಕ್ಷನ್, ನಾಲ್ಕನೇ ದಿನ. ಅದರ ಕೆಳಗೆ, ಮೂಳೆನೋವು ಇದೆ.

ಇಷ್ಟೇ. ಆ ಒಂದು ಸಾಲು ಓದಿದ್ದರೆ ಸಾಕಿತ್ತು. ಮೂಳೆನೋವು ಕೂಡ ಆ ಇಂಜೆಕ್ಷನ್ನಿನದೇ. ಒಳಗೆ ರಕ್ತಕಣ ಹುಟ್ಟಿಸುವ ಮಜ್ಜೆ ಹಗಲೂ ರಾತ್ರಿ ಕೆಲಸ ಮಾಡುವಾಗ ಮೂಳೆ ನೋಯುತ್ತದೆ. ನೂರು ಜನರ ಫಾರ್ಮಿನಲ್ಲಿ ಓದಿದ್ದೇನೆ ಇದನ್ನು.

"ಇಂಜೆಕ್ಷನ್ ಹೋಗಿ ಮಜ್ಜೆನ ಎಬ್ಬಿಸಿದೆ," ಎಂದರು ಮೇಡಂ. "ಮೇಲಿಂದ ಸೋಂಕು ಬೇರೆ. ಮನೆಗೆ ಕಳ್ಳ ನುಗ್ಗಿದಾಗ ಬಟ್ಟೆ ಸರಿ ಮಾಡ್ಕೊಂಡು, ತಲೆ ಬಾಚ್ಕೊಂಡು ಯಾರಾದ್ರೂ ಬರ್ತಾರಾ? ಹೆಂಗಿದಾರೋ ಹಂಗೇ ಎದ್ದು ಓಡಿ ಬರ್ತಾರೆ. ಈ ಒಳ್ಳೇ ಕಣಗಳೂ ಹಾಗೇ. ಪೂರ್ತಿ ಬಲಿಯೋಕೆ ಮೊದಲೇ ಮಜ್ಜೆ ಹೊರಗೆ ಕಳಿಸಿದೆ. ಕಾಳು ದಪ್ಪ ಇರೋದೂ ಅದಕ್ಕೇ, ರೋಗಾಣು ಕೊಲ್ಲೋಕೆ ಬೇಕಾದ್ದೆಲ್ಲ ತುಂಬ್ಕೊಂಡು ಬಂದಿವೆ."

"ಐದನೇದು ಮೇಡಂ?"

ಅವರು ಸ್ವಲ್ಪ ಹೊತ್ತು ನೋಡಿದರು. "ಇದು ಬ್ಲಾಸ್ಟೇ. ಈ ಹೊತ್ತಲ್ಲಿ ಒಂದು ಇರೋದು ತಪ್ಪಲ್ಲ. ಒಳ್ಳೇ ಕಣಗಳೂ ಹುಟ್ಟೋದು ಬ್ಲಾಸ್ಟಿಂದಾನೇ ಅಲ್ವಾ. ಆದ್ರೆ ಖಚಿತವಾಗಿ ಹೇಳೋಕಾಗಲ್ಲ. ಇಂಜೆಕ್ಷನ್ ನಿಂತ ಮೇಲೆ ಮಜ್ಜೆ ತೆಗೆದು ನೋಡೋಣ."

ಅಳು ಬಂತು. ಅಳುವುದಕ್ಕೆ ಬಿಟ್ಟರು. ಆಮೇಲೆ ಚೆನ್ನಾಗಿ ಬೈದರು. ಒಂದು ವಾರ ಮೈಕ್ರೋಸ್ಕೋಪ್ ಮುಟ್ಟುವಂತಿಲ್ಲ, ಸ್ಲೈಡಿಗೆ ಬಣ್ಣ ಹಾಕುವ ಕೆಲಸ ಮಾತ್ರ. ಹೊರಗೆ ಬಂದಾಗ ಗಡಿಯಾರ ತಲೆಯೆತ್ತದೆ ಹೇಳಿದ: "ಶುಕ್ರವಾರ ಎಣ್ಣೆ ಸರಿಯಾಗಿ ಒರೆಸಿರ್ಲಿಲ್ಲ ನೀವು."

ಬದುಕಿದೆ. ಐದರಲ್ಲಿ ನಾಲ್ಕು ಪಾಲು ಬದುಕಿದೆ.

ಜೂನ್ 18

ಬೆರಳೆಲ್ಲ ನೇರಳೆ. ಉಜ್ಜಿದರೂ ಹೋಗುವುದಿಲ್ಲ. ಕಾಲೇಜು ಮುಗಿಸಿ ಬಂದ ಹೊಸದರಲ್ಲಿ ಹೀಗಿತ್ತು ನನ್ನ ಕೈ.

ಅವಳ ಕಣ ನಾಲ್ಕು ಸಾವಿರದ ನೂರು. ಜ್ವರವಿಲ್ಲ. ಸಂಜೆ ಹೋಗಿ ಎಲ್ಲ ಹೇಳಿಬಿಟ್ಟೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಶುಕ್ರವಾರದಿಂದ ಸೋಮವಾರದ ತನಕ ನಾನು ಸಾಯ್ತೀನಿ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಅಂತಲ್ಲ ಕಣೆ, ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ರಲ್ಲ. ನನಗೆ ಹೇಳ್ಳಿಲ್ಲ. ಫೋನೂ ಎತ್ತಲಿಲ್ಲ. ಅತ್ತಿಗೆ, ರಕ್ತ ನಂದು. ಭಾನುವಾರ ಇಡೀ ನಾನಿಲ್ಲಿ ಒಬ್ಳೇ ಗೋಡೆ ನೋಡ್ಕೊಂಡು ಕೂತಿದ್ದೆ. ಅದೇ ಕೊನೇ ಭಾನುವಾರ ಆಗಿದ್ರೆ?"

ತಪ್ಪಾಯ್ತು ಎಂದೆ. ನಾದಿನಿಗೆ ಈ ಮಾತು ಹೇಳಿದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಅವಳೂ ಬೆರಗಾದಳು ಅನ್ನಿಸುತ್ತದೆ.

ದಿಂಬಿನ ಪಕ್ಕದಿಂದ ಒಂದು ಹಾಳೆ ತೆಗೆದುಕೊಟ್ಟಳು. "ಚಿತ್ರ ಬರೆದು ತೋರಿಸಿ, ಹೇಗಿದ್ದಾವೆ ಆ ಕಣ." ಬರೆದೆ. ದುಂಡಗೆ, ಒಳಗೆ ಕಾಳು.

"ಇಷ್ಟು ಕೆಟ್ಟದಾಗಿ ಬರೆದ್ರೆ ಯಾರಿಗಾದ್ರೂ ತಪ್ಪು ತಿಳುವಳಿಕೆ ಆಗುತ್ತೆ ಬಿಡಿ."

ಜುಲೈ 1, ಮಂಗಳವಾರ

ಬೆಳಿಗ್ಗೆ ಮಜ್ಜೆ ತೆಗೆದರು. ಸೊಂಟದ ಮೂಳೆಗೆ ಸೂಜಿ. ಇವರು ಹೊರಗೆ ಬೆಂಚಿನ ಮೇಲೆ ಕೂತು ಒಂದೇ ಪೇಪರನ್ನು ಮೂರು ಸಲ ಓದಿದರು. ಸ್ಲೈಡಿಗೆ ಬಣ್ಣ ಹಾಕುವ ಸರದಿ ನನ್ನದಾಗಿತ್ತು. ಗಡಿಯಾರ ತಾನೇ ಬಂದು ಬಾಟಲಿ ಕಿತ್ತುಕೊಂಡ.

ನೋಡಲಿಲ್ಲ. ಆಣೆಗೂ ನೋಡಲಿಲ್ಲ.

ಜುಲೈ 3, ಬೆಳಿಗ್ಗೆ 11:15

ನೂರಕ್ಕೆ ಎರಡು.

ಮೇಡಂ ಐನೂರು ಕಣ ಎಣಿಸಿದ್ದಾರೆ, ಎರಡು ಸಲ. ಬ್ಲಾಸ್ಟ್ ನೂರಕ್ಕೆ ಎರಡು. ಐದರೊಳಗಿದ್ದರೆ ಕಾಯಿಲೆ ಹಿಡಿತಕ್ಕೆ ಬಂತು ಎಂದೇ ಲೆಕ್ಕ. ಉಳಿದವೆಲ್ಲ ಇರಬೇಕಾದವು, ಇರಬೇಕಾದ ಹಾಗೆ. ಮೇಡಂ ತಾವೇ ನಮ್ಮ ರೂಮಿಗೆ ಬಂದು ಹೇಳಿದರು. ಅವರು ಯಾವತ್ತೂ ಎದ್ದು ಬರುವವರಲ್ಲ.

ಗಡಿಯಾರ ನೀರು ಕೊಟ್ಟ. ಇವರಿಗೆ ಫೋನ್ ಮಾಡಿದೆ, ಮಾತೇ ಬರಲಿಲ್ಲ. ಆ ಕಡೆಯಿಂದ ಇವರು ಹಲೋ ಹಲೋ ಎನ್ನುತ್ತ ಹೆದರಿಬಿಟ್ಟರು. ಪೂರ್ತಿ ಮೂರು ನಿಮಿಷ ಗಂಡನನ್ನು ಸುಮ್ಮನೆ ಹೆದರಿಸಿದ ಪಾಪ ನನ್ನದು. ನನಗೆ ಸಂತೋಷವಾಗಿದೆ. ತುಂಬ, ತುಂಬ ಸಂತೋಷವಾಗಿದೆ. ಇನ್ನೂ ಎರಡು ಸುತ್ತು ಔಷಧಿ ಇದೆ, ಇರಲಿ.

ಜುಲೈ 27, ಭಾನುವಾರ, ಬೆಳಿಗ್ಗೆ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ, ಎಂಥ ಸುಖ. ಅವಳು ಮನೆಗೆ ಬಂದು ಮೂರು ವಾರ. ಟಿವಿ ರಿಮೋಟು, ನನ್ನ ಶಾಲು, ಕಿಟಕಿ ಪಕ್ಕದ ಕುರ್ಚಿ, ಎಲ್ಲ ಅವಳ ವಶ. ಮುಂದಿನ ಸುತ್ತಿಗೆ ಇನ್ನೂ ಹತ್ತು ದಿನ.

ಮೊನ್ನೆಯಿಂದ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು. ಉಗುರು ಕಚ್ಚುವ ಚಟ, ಹೇಳಿದರೆ ಕೇಳುವುದಿಲ್ಲ. ನಿನ್ನೆ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಕಣ ಹನ್ನೊಂದು ಸಾವಿರ, ಏರಿರುವುದು ಉಗುರುಸುತ್ತಿಗೆ. ಓಪಿಡಿಯ ಹೊಸ ಡಾಕ್ಟರು ಮಾತ್ರೆ ಬರೆದು, ಬಿಸಿನೀರಲ್ಲಿ ಅದ್ದಿ, ಜ್ವರ ಬಂದರೆ ಮಾತ್ರ ಬನ್ನಿ ಎಂದರು. ಎಲ್ಲ ಮಾಮೂಲಿ ರೋಗಿಗಳಿಗೂ ಹೇಳುವ ಹಾಗೆ. ಹೆಸರನ್ನೂ ತಪ್ಪಾಗಿ ಕರೆದರಂತೆ.

ಈಗ ಬಚ್ಚಲ ಹತ್ತಿರ ಸ್ಟೂಲು ಹಾಕಿ ಕೂರಿಸಿದ್ದೆ. ಮಗ್ಗಿನಲ್ಲಿ ಬೆರಳು. ಕೆಂಪಗೆ ಊದಿ, ಉಗುರಿನ ಪಕ್ಕ ಹಳದಿ ಕಟ್ಟಿದೆ. ಸ್ವಲ್ಪ ಒತ್ತಿದೆ. ಒಡೆಯಿತು. ಕೀವು, ದಪ್ಪಗೆ, ಕೊಳಕು.

ಅದನ್ನೇ ನೋಡುತ್ತ ನಿಂತುಬಿಟ್ಟೆ. ಕೀವು ಎಂದರೆ ರೋಗಾಣುವಿನ ಮೇಲೆ ಬಿದ್ದು ಸತ್ತ ಬಿಳಿಕಣ, ಲಕ್ಷಗಟ್ಟಲೆ. ಜೂನಿನಲ್ಲಿ ಇದೇ ಉಗುರುಸುತ್ತು ಆಗಿದ್ದರೆ ಬೆರಳು ಕೆಂಪಾಗುತ್ತಲೂ ಇರಲಿಲ್ಲ, ಕೀವೂ ಕಟ್ಟುತ್ತಿರಲಿಲ್ಲ. ಕಟ್ಟುವುದಕ್ಕೆ ಕಣವೇ ಇರಲಿಲ್ಲ. ರೋಗಾಣು ಸದ್ದಿಲ್ಲದೆ ನೇರ ರಕ್ತಕ್ಕೆ ಇಳಿದು ಎರಡು ದಿನದಲ್ಲಿ ಅವಳನ್ನು ಮುಗಿಸುತ್ತಿತ್ತು. ಇವತ್ತು ಕಣಗಳು ಒಂದು ಹೆಬ್ಬೆರಳಿನಲ್ಲೇ ಅದನ್ನು ತಡೆದು ನಿಲ್ಲಿಸಿವೆ.

"ಅತ್ತಿಗೆ, ಏನಾಯ್ತು? ಕೀವಿಗೆ ಯಾರಾದ್ರೂ ಅಳ್ತಾರಾ?"

"ಎಷ್ಟು ಚೆನ್ನಾಗಿ ಬಂದಿದೆ ನೋಡೇ."

"ಅಣ್ಣಾ, ಬಾ ಇಲ್ಲಿ, ನಿನ್ನ ಹೆಂಡತಿಗೆ ತಲೆ ಕೆಟ್ಟಿದೆ."

ಇವರು ಬಂದರು. ನೋಡಿದರು. ವಿಷಯ ಹೇಳಿದೆ. ಇವರೂ ಬಗ್ಗಿ ಕೀವನ್ನು ನೋಡುತ್ತ ನಿಂತರು, ಕಣ್ಣಲ್ಲಿ ನೀರು. ಅವಳು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ನಗು ತಡೆಯಲಾಗದೆ ಬೆರಳನ್ನು ಇನ್ನೂ ಮೇಲೆತ್ತಿ ಹಿಡಿದಳು.

ಹತ್ತಿ ತರಲು ಒಳಗೆ ಬಂದವಳು ಇಷ್ಟು ಬರೆದೆ. ಕರೆಯುತ್ತಿದ್ದಾಳೆ — ಅತ್ತಿಗೆ ನೀರು ಆರಿತು, ಅತ್ತಿಗೆ ನೋವು, ಅತ್ತಿಗೆ ಎಲ್ಲಿ ಹೋದ್ರಿ. ಬಂದೆ ಕಣೆ, ಬಂ